ಪೊನ್ನಂಪೇಟೆಯಲ್ಲಿದ್ದ ಪ್ರತಿ

ಮೂರ್ನಾಡು
25 ಜೂನ್ 2025, ಬುಧವಾರ

ಅಶ್ವಿಯ ಅಪ್ಪನಿಗೆ,

ನಾವಿಲ್ಲಿ ಕ್ಷೇಮ. ಇದು ವಾಡಿಕೆಗೆ ಬರೆದದ್ದಲ್ಲ. ಮುಂದೆ ಬರುವುದನ್ನು ಓದುವಾಗ ಮಗುವಿಗೇನೋ ಆಯಿತೆಂದು ನೀವು ಗಾಬರಿಯಾಗಬಾರದು, ಅದಕ್ಕೆ ಮೊದಲೇ ಹೇಳಿದೆ. ಅಶ್ವಿಗೆ ಜ್ವರ ಬಿಟ್ಟು ಐದು ದಿನವಾಯಿತು. ನಿನ್ನೆಯಿಂದ ರಾಗಿ ಮಣ್ಣಿ ಮತ್ತೆ ತಿನ್ನುತ್ತಿದ್ದಾಳೆ, ಅರ್ಧ ಹೊಟ್ಟೆಗೆ, ಅರ್ಧ ಅತ್ತೆಯ ಸೀರೆಗೆ. ಈಗ ಮಧ್ಯಾಹ್ನ ಎರಡೂವರೆ. ಅವಳು ಮಲಗಿದ್ದಾಳೆ, ನಾನೂ ಮಲಗಬೇಕಿತ್ತು. ನನಗೆ ನಿದ್ದೆ ಬರುವುದಿಲ್ಲ ಎಂದು ನಿಮಗೆ ಗೊತ್ತು. ಎಷ್ಟು ಬರುವುದಿಲ್ಲ ಎಂದು ಗೊತ್ತಿಲ್ಲ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀವು ತಿತಿಮತಿಯ ಕಾಡಿನ ಕ್ಯಾಂಪಿನಿಂದ ಸಿಗ್ನಲ್ ಸಿಗುವ ಬಂಡೆಯವರೆಗೆ ನಡೆದು ಬಂದು, ಹಿಂದೆ ಇಬ್ಬರು ವಾಚರ್‌ಗಳು ತಮ್ಮ ಸರದಿಗೆ ಕಾಯುತ್ತಿರುವಾಗ ಮಾಡುವ ನಾಲ್ಕು ನಿಮಿಷದ ಫೋನಿನಲ್ಲಿ ಹೇಳುವ ಮಾತಲ್ಲ ಇದು. ಹೇಳಲು ಹೊರಟರೂ ಅರ್ಧದಲ್ಲಿ ಮಾತು ತಿರುಗಿಸಿಬಿಡುತ್ತೇನೆ. ಭಾನುವಾರ ಹಾಗೇ ಆಯಿತಲ್ಲ.

ಭಾನುವಾರ ಅಶ್ವಿಯ ಜ್ವರದ ಮಾತು, ಅತ್ತೆಯ ಮಂಡಿ ನೋವಿನ ಮಾತು ಎಲ್ಲ ಮುಗಿದು, ಇನ್ನು ಫೋನ್ ಇಡುತ್ತೀರಿ ಎಂದುಕೊಂಡಾಗ ನೀವು ಇಡಲಿಲ್ಲ. ಆಮೇಲೆ ಕೇಳಿದಿರಿ. "ಅವಂದ್ ಎಂಥಾರ್ ಉಟ್ಟಾ ನಿನ್ನ ಮಿಷನ್‌ಲಿ? ನಂಗೆ ಒಂದ್ ಸಲ ಕೇಳೊಕು."

ಹತ್ತು ತಿಂಗಳಲ್ಲಿ ನೀವು ಅವನ ಬಗ್ಗೆ ಆಡಿದ ಮೊದಲ ಮಾತು ಅದು. ನಾನು ಉಟ್ಟು ಎಂದೆ. ಸ್ಕ್ಯಾನ್ ದಿನ ರೆಕಾರ್ಡ್ ಮಾಡಿದ ಎದೆಬಡಿತ ಇದೆ, ಕಳಿಸುತ್ತೇನೆ ಎಂದೆ. ನಿಮ್ಮ ಉಸಿರು ಜೋರಾದದ್ದು ನನಗೆ ಕೇಳಿಸಿತು.

ಅದು ಸುಳ್ಳು. ಅದಕ್ಕೆ ಮೂರು ದಿನ ಮೊದಲು, ಗುರುವಾರ, ನಾನೇ ಅದನ್ನು ಅಳಿಸಿದ್ದೆ.

ನನ್ನ ಕೆಲಸವೇನೆಂದು ನೀವು ಯಾವತ್ತೂ ಪೂರ್ತಿ ಕೇಳಿಸಿಕೊಂಡವರಲ್ಲ. ಈಗ ಕೇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಗುಡ್ಡ ಜರಿದ ವರ್ಷ ನಮ್ಮ ಆಸ್ಪತ್ರೆಯ ಕೆಳಗಿನ ಕೋಣೆಗೆ ಕೆಸರು ನುಗ್ಗಿ, ಇಪ್ಪತ್ತು ವರ್ಷದ ಹೆರಿಗೆ ರಿಜಿಸ್ಟರ್‌ಗಳು ಮುದ್ದೆಯಾದವು. ಆಮೇಲೆ ವಿಮಲಾ ಡಾಕ್ಟ್ರು ಹಠ ಹಿಡಿದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿದರು. ಒಂದು ಯಂತ್ರ ಇಲ್ಲಿ. ಅದರ ಜೊತೆಯದು ಪೊನ್ನಂಪೇಟೆಯಲ್ಲಿ, ನಮ್ಮ ಆಸ್ಪತ್ರೆಯದೇ ಕ್ಲಿನಿಕ್ಕಿನ ಮಹಡಿಯಲ್ಲಿ. ಇಲ್ಲಿ ಏನು ಸೇರಿಸಿದರೂ ಕಾಲು ಗಂಟೆಯೊಳಗೆ ಕೇಬಲ್ಲಿನಲ್ಲಿ ಹೋಗಿ ಅಲ್ಲಿಯೂ ಸೇರುತ್ತದೆ. ಈ ಊರನ್ನು ಮಣ್ಣು ನುಂಗಿದರೂ ಆ ಊರಿನಲ್ಲಿ ಎಲ್ಲರ ದಾಖಲೆ ಇದ್ದ ಹಾಗೇ ಇರಬೇಕು ಎನ್ನುವುದು ಅದರ ಉದ್ದೇಶ. ಅದನ್ನು ನೋಡಿಕೊಳ್ಳುವವಳು ನಾನು. ಅತ್ತೆಗೆ ಒಮ್ಮೆ ವಿವರಿಸಿದಾಗ ಅವರು, ಅಂದರೆ ನಿಮ್ಮ ಆಸ್ಪತ್ರೆಗೆ ಎರಡು ಸಂಸಾರ, ಇಲ್ಲಿ ಆಡಿದ್ದೆಲ್ಲ ಅಲ್ಲಿಗೆ ಗೊತ್ತಾಗುತ್ತದೆ ಎಂದು ನಕ್ಕಿದ್ದರು.

ಹೊಸಬರು ಕೆಲಸಕ್ಕೆ ಸೇರಿದಾಗ ನಾನು ಹೇಳಿಕೊಡುವ ಮೊದಲ ಪಾಠವೂ ಅದೇ. ಇಲ್ಲಿ ಸೇರಿಸಿದ್ದು ಅಲ್ಲಿ ಸೇರುತ್ತದೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಹುಷಾರು. ಹಳೆಯ ದಿನಗಳ ನಕಲನ್ನು ಬೇರೆಯಾಗಿ ಇಡುವ ಡಿಸ್ಕ್ ಒಂದಿತ್ತು. ಮಾರ್ಚಿನಲ್ಲಿ ಅದು ಕೆಟ್ಟಿತು, ಹೊಸದು ಇನ್ನೂ ಬಂದಿಲ್ಲ.

ಆ ರೆಕಾರ್ಡಿಂಗ್ ಹೋದ ವರ್ಷ ಏಪ್ರಿಲ್‌ನದು, ಐದನೇ ತಿಂಗಳ ಸ್ಕ್ಯಾನಿನದು. ನೀವು ಕಾಡುಬೆಂಕಿ ಡ್ಯೂಟಿಯಲ್ಲಿದ್ದಿರಿ. ಅತ್ತೆ ನನ್ನ ಜೊತೆ ಬಂದಿದ್ದರು. ನಿಮಗೆ ಕೇಳಿಸಲೆಂದೇ ಫೋನಿನಲ್ಲಿ ಹಿಡಿದೆ. ಆದರೆ ವಾಟ್ಸಾಪಿನಲ್ಲಿ ಕಳಿಸಲಿಲ್ಲ. ನೀವು ರಜೆಯಲ್ಲಿ ಬಂದಾಗ ಪಕ್ಕದಲ್ಲಿ ಕೂತು ಕೇಳಲಿ ಎಂಬ ಆಸೆ. ನೀವು ಬಂದದ್ದು ಎರಡು ದಿನಕ್ಕೆ. ಒಂದು ದಿನ ಮಾಡಿನ ಹೆಂಚು ಸರಿಮಾಡುವುದರಲ್ಲಿ ಹೋಯಿತು, ಇನ್ನೊಂದು ದಿನ ನೀವು ನಿದ್ದೆ ಮಾಡಿದಿರಿ. ಎಬ್ಬಿಸಲು ಮನಸ್ಸಾಗಲಿಲ್ಲ.

ಆಗಸ್ಟಿನಲ್ಲಿ ದಿನ ತುಂಬುವ ಮೊದಲೇ ಇಬ್ಬರೂ ಬಂದರು. ಮೊದಲು ಅವಳು, ಏಳು ನಿಮಿಷದ ಮೇಲೆ ಅವನು. ಅವನಿದ್ದದ್ದು ಹನ್ನೊಂದೇ ಗಂಟೆ ಹೊತ್ತು. ನೀವು ಬಂದು ತಲುಪುವಾಗ ಸೋಮಯ್ಯ ಮಾವ ಮಣ್ಣು ಮಾಡಿ ಬಂದು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ನೀವು ಏನೂ ಕೇಳಲಿಲ್ಲ. ಜಾಗ ಎಲ್ಲಿ ಎಂದೂ ಕೇಳಲಿಲ್ಲ. ಆರನೇ ದಿನ ಕ್ಯಾಂಪಿಗೆ ಹೊರಟಿರಿ. ಅದಕ್ಕೆ ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಇನ್ನೂ ಇಲ್ಲ, ಆಗುತ್ತದೆ.

ಈ ವರ್ಷ ಏಪ್ರಿಲ್‌ನಲ್ಲಿ ಮತ್ತೆ ಕೆಲಸಕ್ಕೆ ಸೇರಿದ ದಿನ ಮೊದಲು ಮಾಡಿದ್ದು, ಆ ರೆಕಾರ್ಡಿಂಗನ್ನು ಆಸ್ಪತ್ರೆಯ ಯಂತ್ರದಲ್ಲಿ ಅವನ ಹೆಸರಿನ ಕೆಳಗೆ ಇಟ್ಟದ್ದು. ಹೆಸರು ಅಂದರೆ ಏನು, "ಮೋನಿಷಾ, ಮಗು 2" ಅಷ್ಟೇ. ಅಲ್ಲಿ ಅವನ ಮೂರು ಸ್ಕ್ಯಾನ್ ಚಿತ್ರಗಳು ಮೊದಲೇ ಇದ್ದವು. ನಮ್ಮ ಮನೆಯದನ್ನು ಅಲ್ಲಿ ಇಡಬಾರದು, ನಿಯಮ ನನಗೂ ಗೊತ್ತು. ಆದರೆ ನನಗೆ ಗೊತ್ತಿದ್ದ ಅತ್ಯಂತ ಭದ್ರವಾದ ಜಾಗ ಅದೇ. ಒಂದು ಊರು ಹೋದರೂ ಇನ್ನೊಂದು ಊರಿನಲ್ಲಿ ಇರುತ್ತಾನಲ್ಲ ಎಂದುಕೊಂಡೆ.

ಇನ್ನೊಂದು ಹೇಳುತ್ತೇನೆ, ಅಸಹ್ಯಪಡಬೇಡಿ. ಅಶ್ವಿಗೆ ಒಂದು ಕಡೆ ಹಾಲು ಕುಡಿಸುವಾಗ ಇನ್ನೊಂದು ಕಡೆ ತಾನಾಗಿ ಸೋರುತ್ತದೆ. ಹತ್ತು ತಿಂಗಳಾದರೂ ನಿಂತಿಲ್ಲ. ಎಲ್ಲ ತಾಯಂದಿರಿಗೂ ಹಾಗೇ ಎಂದು ಡಾಕ್ಟ್ರು ಹೇಳುತ್ತಾರೆ. ಇರಬಹುದು. ಅವಳು ಮಲಗಿದಾಗ ಉಸಿರು ಎಣಿಸುತ್ತೇನೆ. ಎಣಿಸುತ್ತಾ ಎಣಿಸುತ್ತಾ ಅವಳ ಉಸಿರಿನ ನಡುವೆ ಇನ್ನೊಂದು ಉಸಿರು ಕೇಳಿಸುತ್ತದೆ, ಸ್ವಲ್ಪ ಬೇಗದ್ದು. ಈ ಕಾಗದ ಬರೆಯುತ್ತಿರುವಾಗಲೂ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಒಬ್ಬಳೇ ಇದ್ದಾಳೆ.

ಹದಿನಾಲ್ಕನೇ ತಾರೀಖು ಜ್ವರ ಶುರುವಾಯಿತು. ಮೂರನೇ ದಿನ ನೂರಮೂರು, ಕಣ್ಣು ಮೇಲೆ ಸಿಕ್ಕಿಸಿಕೊಂಡು ಕೈಕಾಲು ಸೆಟೆದಳು. ಒಂದೇ ನಿಮಿಷ. ನಿಮಗೆ ಫೋನಿನಲ್ಲಿ ಅದನ್ನೂ ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ಬಾಗಿಲು ಹಾಕಿ ನನ್ನನ್ನು ಕೂರಿಸಿಕೊಂಡರು. ಬೈಯಲಿಲ್ಲ. ನನ್ನ ತಲೆ ನೇವರಿಸುತ್ತಾ ಹೇಳಿದರು: "ಒಟ್ಟಿಗೆ ಬಂದದ್ ಅಲ ಮೋನಿ. ಒಬ್ಬನೇ ಇರಿಕೆ ಆಗದೆ ಕರೀತುಟ್ಟು. ಅವಂದ್ ಎಲ್ಲ ಹೊಳೆಗೆ ಬುಡು."

ಅವನಿಗೆ ಸೇರಿದ್ದು ಮನೆಯಲ್ಲಿ ಏನಿದ್ದರೂ ಅವನು ಅದರ ಜಾಡು ಹಿಡಿದು ಅಶ್ವಿಯನ್ನು ಕರೆಯಲು ಬರುತ್ತಾನೆ, ಹೊಳೆಗೆ ಬಿಟ್ಟರೆ ದಾರಿ ತಪ್ಪುತ್ತದೆ, ಅವರ ಅತ್ತೆ ಹೇಳಿದ್ದಂತೆ. ನಾನು ಬಿ.ಎಸ್ಸಿ. ಓದಿದವಳು. ನಗಬೇಕಿತ್ತು. ಮಡಿಲಲ್ಲಿ ಸುಡುತ್ತಿರುವ ಮಗು ಇಟ್ಟುಕೊಂಡು ಯಾರೂ ನಗುವುದಿಲ್ಲ. ಮರುದಿನ ಕಾವೇರಿಯ ಬೇತ್ರಿ ಸೇತುವೆಗೆ ಹೋದೆವು. ಅವನನ್ನು ಸುತ್ತಿದ್ದ ಟವಲಿನ ಜೊತೆಯದು, ಸ್ಕ್ಯಾನಿನ ಪ್ರಿಂಟು, ಅವನಿಗೆಂದು ನಾನು ಹೆಣೆದ ಹಳದಿ ಟೊಪ್ಪಿ, ಮೂರನ್ನೂ ನೀರಿಗೆ ಬಿಟ್ಟೆವು. ಫೋನಿನಲ್ಲಿದ್ದ ರೆಕಾರ್ಡಿಂಗನ್ನು ಅತ್ತೆಯ ಎದುರೇ ಅಳಿಸಿದೆ. ಟವಲ್ ಕೂಡಲೇ ಮುಳುಗಿತು. ಟೊಪ್ಪಿ ಮುಳುಗಲಿಲ್ಲ, ಸೇತುವೆಯ ಕಂಬಕ್ಕೆ ಹೋಗಿ ಅಂಟಿಕೊಂಡು ಅಲ್ಲೇ ನಿಂತಿತು. ಅಷ್ಟು ಕೆಂಪು ನೀರಿನಲ್ಲಿ ಅಷ್ಟು ಹಳದಿ. ಅತ್ತೆ ನನ್ನ ಕೈ ಹಿಡಿದು, ತಿರುಗಿ ನೋಡಬೇಡ ಎಂದರು. ಅವರೇ ಎರಡು ಸಲ ತಿರುಗಿ ನೋಡಿದರು.

ಜ್ವರ ಇಳಿಯಲಿಲ್ಲ. ಗುರುವಾರ ರಕ್ತ ಪರೀಕ್ಷೆಗೆಂದು ಆಸ್ಪತ್ರೆಗೆ ಹೋದೆ. ವರದಿ ಬರುವವರೆಗೆ ಅವಳನ್ನು ಭುಜಕ್ಕೆ ಹಾಕಿಕೊಂಡು ನನ್ನ ಕುರ್ಚಿಯಲ್ಲಿ ಕೂತೆ. ಯಂತ್ರ ಎದುರಿಗಿತ್ತು. ಅತ್ತೆಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಅವನದು ಎಲ್ಲ ಹೋಗಿರಲಿಲ್ಲ.

ಆಗ ನನಗೆ ಹೊಳೆದದ್ದು ಇಷ್ಟು: ಮೂರ್ನಾಡಿಗೂ ಪೊನ್ನಂಪೇಟೆಗೂ ನಡುವೆ ಕಾವೇರಿ ಇದೆ. ಇಲ್ಲಿಂದ ಅಳಿಸಿಬಿಡೋಣ, ಹೊಳೆಯ ಆಚೆ ಅವನ ಪ್ರತಿ ಇರಲಿ. ಅತ್ತೆಯ ಮಾತೂ ನಡೆಯುತ್ತದೆ, ಅವನೂ ಎಲ್ಲೋ ಒಂದು ಕಡೆ ಇರುತ್ತಾನೆ. ಎಲ್ಲರಿಗೂ ಪಾಠ ಹೇಳುವವಳಿಗೆ ಆ ಹೊತ್ತಿನಲ್ಲಿ ತನ್ನ ಪಾಠವೇ ನೆನಪಾಗಲಿಲ್ಲ. ಐದು ದಿನ ನಿದ್ದೆಯಿರಲಿಲ್ಲ ಎಂದು ಬೇಕಾದರೆ ಓದಿಕೊಳ್ಳಿ. ಮೂರು ಚಿತ್ರ, ಒಂದು ಧ್ವನಿ. ನಾಲ್ಕನ್ನೂ ಅಳಿಸಿದೆ.

ಶುಕ್ರವಾರ ಬೆಳಿಗ್ಗೆ ಅವಳ ಹಣೆ ತಣ್ಣಗಿತ್ತು. ಹೊಸ ಔಷಧಿ ಬುಧವಾರ ಶುರುವಾಗಿ ಅದು ಮೂರನೇ ದಿನ, ಮೂರನೇ ದಿನಕ್ಕೆ ಇಳಿಯುತ್ತದೆ ಎಂದು ಡಾಕ್ಟ್ರು ಮೊದಲೇ ಹೇಳಿದ್ದರು. ಅತ್ತೆ ಕೈಮುಗಿದರು. ನಾನೂ ಮುಗಿದೆ.

ಭಾನುವಾರ ನಿಮ್ಮ ಫೋನ್ ಬಂತು.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆಗೆ ಹೋಗಿ ಯಂತ್ರ ತೆರೆದೆ. ಇಲ್ಲಿ ಅವನದು ಏನೂ ಇರಲಿಲ್ಲ. ಅಲ್ಲಿಯೂ ಇರುವುದಿಲ್ಲ ಎಂದು ಗೊತ್ತಿದ್ದರೂ ಪೊನ್ನಂಪೇಟೆಯದನ್ನು ತೆರೆಯಲು ನೋಡಿದೆ. ತೆರೆಯಲಿಲ್ಲ. ಕೊನೆಯ ಸಂಪರ್ಕ ಬುಧವಾರ ಸಂಜೆ ನಾಲ್ಕು ಹತ್ತಕ್ಕೆ ಎಂದು ತೋರಿಸುತ್ತಿತ್ತು. ಹಾತೂರಿನ ಹತ್ತಿರ ಗಾಳಿಗೆ ಸಿಲ್ವರ್ ಓಕ್ ಮರ ಬಿದ್ದು ಕೇಬಲ್ ತುಂಡಾಗಿತ್ತಂತೆ. ನಾನು ರಜೆಯಲ್ಲಿದ್ದೆ, ಯಾರೂ ನನಗೆ ಹೇಳಿರಲಿಲ್ಲ.

ನಾನು ಅಳಿಸಿದ್ದು ಗುರುವಾರ. ಅಂದರೆ ನಾನು ಅಳಿಸಿದ ಸುದ್ದಿ ಪೊನ್ನಂಪೇಟೆಗೆ ಇನ್ನೂ ಮುಟ್ಟಿರಲಿಲ್ಲ. ಅಲ್ಲಿ ಇನ್ನೂ ಬುಧವಾರ. ಅಲ್ಲಿ ಅವನು ಇದ್ದ.

ಕೇಬಲಿನವರಿಗೆ ಫೋನ್ ಮಾಡಿದರೆ, ಇವತ್ತು ಮಧ್ಯಾಹ್ನದೊಳಗೆ ಸರಿಮಾಡುತ್ತೇವೆ ಮೇಡಂ ಎಂದು ಖುಷಿಯಿಂದ ಹೇಳಿದರು. ಸರಿಯಾದ ಕೂಡಲೇ ಯಂತ್ರ ಬಾಕಿ ಕೆಲಸವನ್ನೆಲ್ಲ ಸಾಲಾಗಿ ಮುಗಿಸುತ್ತದೆ. ಬುಧವಾರದ್ದು, ಆಮೇಲೆ ಗುರುವಾರದ್ದು. ಅಷ್ಟರೊಳಗೆ ಅಲ್ಲಿಯ ಪೆಟ್ಟಿಗೆಯಿಂದ ತಂತಿ ಕಿತ್ತರೆ ಸಾಕು. ಪೊನ್ನಂಪೇಟೆ ಕ್ಲಿನಿಕ್ಕನ್ನು ನೋಡಿಕೊಳ್ಳುವ ಕೃಷ್ಣಪ್ಪನವರಿಗೆ ಫೋನ್ ಮಾಡಿ, ಮಹಡಿಯಲ್ಲಿರುವ ಪೆಟ್ಟಿಗೆಯ ನೀಲಿ ತಂತಿ ಎಳೆದುಬಿಡಿ ಎಂದೆ.

"ನಾನಾ?" ಎಂದರು. "ಮೇಡಂ, ಯಾರೂ ಮುಟ್ಟಬಾರ್ದು ಅಂತ ಚೀಟಿ ಅಂಟಿಸಿದ್ದು ನೀವೇ. ನಾನು ಅದರ ಹತ್ರ ಕಸ ಸಹ ಗುಡ್ಸುದಿಲ್ಲ. ನಾಳೆ ಡಾಕ್ಟ್ರಮ್ಮ ಕೇಳಿದ್ರೆ ಕೃಷ್ಣಪ್ಪ ಕಿತ್ತ ಅಂತ ಆಗ್ತದೆ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಹೋದ ವರ್ಷ ಫ್ಯಾನಿಗೆಂದು ಆ ಪ್ಲಗ್ ತೆಗೆದದ್ದಕ್ಕೆ ನಾನು ಅವರನ್ನು ಎಲ್ಲರೆದುರು ಬೈದಿದ್ದೆ. ಮನುಷ್ಯ ಮರೆತಿರಲಿಲ್ಲ.

ಮನೆಗೆ ಓಡಿ ಬಂದು ಅಶ್ವಿಯನ್ನು ಎತ್ತಿಕೊಂಡು ಬಸ್ ಹತ್ತಿದೆ. ಅತ್ತೆಗೆ ಆಫೀಸ್ ಕೆಲಸ ಎಂದೆ. ಮಳೆಯಲ್ಲಿ ಈ ಕೂಸನ್ನು ಯಾಕೆ ಎಂದು ಅವರು ಕೂಗುತ್ತಿದ್ದರು. ಅಷ್ಟು ದೂರ ಬಿಟ್ಟು ಹೋಗಲು ಆಗಲಿಲ್ಲ, ಈಗ ಅವಳನ್ನು ಹೆಚ್ಚು ಹೊತ್ತು ಕಣ್ಣಳತೆಯಿಂದ ಆಚೆ ಬಿಡಲಾರೆ. ಬೇತ್ರಿ ಸೇತುವೆ ಬಂದಾಗ ಕಿಟಕಿಯ ಪರದೆ ಇಳಿಸಿದೆ. ವಿರಾಜಪೇಟೆಯಲ್ಲಿ ಬಸ್ ಬದಲಿಸಿದೆ. ಹಾತೂರಿನಲ್ಲಿ ಬಸ್ಸು ನಿಧಾನವಾಯಿತು. ರಸ್ತೆಯ ಬದಿಯಲ್ಲಿ ಇಬ್ಬರಿದ್ದರು. ಒಬ್ಬ ಕೊಡೆ ಹಿಡಿದಿದ್ದ, ಇನ್ನೊಬ್ಬ ಕುಕ್ಕರಗಾಲಿನಲ್ಲಿ ಕೂತು ಕೇಬಲಿನ ಎರಡು ತುದಿಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಎಷ್ಟು ಜಾಗ್ರತೆಯಿಂದ ಜೋಡಿಸುತ್ತಿದ್ದ ಗೊತ್ತೇ, ಗಾಯಕ್ಕೆ ಹೊಲಿಗೆ ಹಾಕುವವರ ಹಾಗೆ. ಇಳಿದು ಅವನ ಕೈ ಹಿಡಿಯಬೇಕು ಅನಿಸಿತು. ಆ ಕೇಬಲಿನಲ್ಲಿ ಎಷ್ಟೋ ಜನರ ವರದಿಗಳು ಕಾಯುತ್ತಿದ್ದವು. ಇಳಿಯಲಿಲ್ಲ.

ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ಹನ್ನೆರಡೂ ಇಪ್ಪತ್ತು. ಪೆಟ್ಟಿಗೆಯ ದೀಪ ಹಸಿರಾಗಿತ್ತು, ಕೇಬಲ್ ಜೋಡಿಸಿ ಆಗಿತ್ತು.

ಅಶ್ವಿಯನ್ನು ಕೃಷ್ಣಪ್ಪನವರ ಕೈಗೆ ಕೊಟ್ಟು ತಂತಿ ಎಳೆದೆ. ಆಮೇಲೆ ಕಂಪ್ಯೂಟರಿನ ಸ್ಕ್ರೀನ್ ಹಾಕಿ "ಮಗು 2" ತೆರೆದೆ. ಚಿತ್ರಗಳು ಮೂರೂ ಹೋಗಿದ್ದವು. ಒಂದು ಉಳಿದಿತ್ತು, ಧ್ವನಿ. ನಾನು ಕೊನೆಯಲ್ಲಿ ಅಳಿಸಿದ್ದು ಅದನ್ನೇ ಆದ್ದರಿಂದ ಅದರ ಸರದಿ ಕೊನೆಗಿತ್ತು. ಪೆನ್ ಡ್ರೈವಿಗೆ ಹಾಕಿಕೊಂಡು, ಸರಿಯಾಗಿ ಬಂದಿದೆಯೋ ಎಂದು ಅಲ್ಲೇ ಕೇಳಿದೆ.

ಮೂವತ್ತೆಂಟು ಸೆಕೆಂಡು ಇದೆ. ಮೊದಲ ಹನ್ನೆರಡು ಅಶ್ವಿಯದು. ಆಮೇಲೆ ಒಂದಾಯ್ತು, ಇನ್ನೊಂದು ಎಲ್ಲಿ ಅವಿತಿದೆ ಎಂದು ಡಾಕ್ಟ್ರು ಕೇಳುವುದು, ಆಚೆ ಮಗ್ಗುಲಿಗೆ ಉಟ್ಟು, ನಾಚಿಕೆ ಅದಕ್ಕೆ ಎಂದು ಅತ್ತೆ ಹೇಳುವುದು, ನಾನು ನಗುವುದು. ನನ್ನ ಆ ನಗು ನನಗೇ ಗುರುತು ಸಿಗಲಿಲ್ಲ. ಆಮೇಲೆ ಅವನು. ಅಂಗಳದಲ್ಲಿ ಹರಡಿದ ಒಣ ಕಾಫಿಯನ್ನು ಮಳೆ ಬರುತ್ತದೆಂದು ಯಾರೋ ಅವಸರದಲ್ಲಿ ಬಾಚುತ್ತಿರುವ ಹಾಗೆ. ಕೊನೆಯವರೆಗೂ ಅವನೇ.

ಕೃಷ್ಣಪ್ಪನವರು, ಇದು ಈ ಮಗುವಿನದಾ ಎಂದರು. ಅಲ್ಲ ಎಂದೆ. ಅವರು ಅಶ್ವಿಯನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡರು. ಅವಳು ಕೇಳಿಸಿಕೊಂಡಳೋ ಇಲ್ಲವೋ ಹೇಳಲಾರೆ. ಅವರ ಅಂಗಿಯ ಗುಂಡಿ ಬಾಯಿಗೆ ಹಾಕಿಕೊಂಡಿದ್ದಳು.

ಆಮೇಲೆ ತಂತಿ ಮತ್ತೆ ಹಾಕಲೇಬೇಕಿತ್ತು. ಉಳಿದವರ ಐದು ದಿನದ ದಾಖಲೆ ಬಾಕಿಯಿತ್ತು. ಹಾಕಿ ನೋಡುತ್ತಾ ನಿಂತೆ. ಮೊದಲು ಆ ಧ್ವನಿ ಹೋಯಿತು. ಆಮೇಲೆ ಒಳಗೆ ಏನೂ ಉಳಿಯದ "ಮಗು 2" ಎಂಬ ಸಾಲೇ ಹೋಗಿ, ಕೆಳಗಿನ ಹೆಸರು ಒಂದು ಸಾಲು ಮೇಲೆ ಬಂತು. ಅಷ್ಟೇ.

ನಿನ್ನೆ ವಿಮಲಾ ಡಾಕ್ಟ್ರಿಗೆ ಎಲ್ಲ ಹೇಳಿದೆ. ಕಾಗದದ ಫೈಲಿನಲ್ಲಿ ಅವನ ವರದಿಗಳು ಇವೆಯಂತೆ, ಆದರೂ ದಾಖಲೆ ಅಳಿಸಿದ್ದು ದೊಡ್ಡ ತಪ್ಪು ಎಂದರು. ನನ್ನ ಪಾಸ್‌ವರ್ಡ್ ವಾಪಸ್ ತೆಗೆದುಕೊಂಡರು. ಧ್ವನಿ ಆಸ್ಪತ್ರೆಯದಲ್ಲ, ನಿಮ್ಮದು, ಇಲ್ಲಿ ಮತ್ತೆ ಸೇರಿಸುವುದು ಬೇಡ ಎಂದರು. ಬಾಗಿಲ ಹತ್ತಿರ ಹೋದಾಗ ಕರೆದು, "ಮೊದಲು ನಿದ್ದೆ ಮಾಡು. ಬೈಯುವುದು ಆಮೇಲೆ" ಎಂದರು. ಅತ್ತೆಗೆ ಹೇಳಿಲ್ಲ. ತಮ್ಮ ಧ್ವನಿಯೂ ಅದರಲ್ಲಿದೆ ಎಂದು ತಿಳಿದರೆ ಅವರಿಗೆ ಏನಾಗುತ್ತದೋ ಗೊತ್ತಿಲ್ಲ.

ರಜೆ ಮುಗಿಸಿ ನಾಳೆ ಕ್ಯಾಂಪಿಗೆ ಹೊರಡುವ ನಿಮ್ಮ ವಾಚರ್ ಮುತ್ತನ ಕೈಯಲ್ಲಿ ಈ ಕಾಗದ, ಅದರ ಜೊತೆ ಪೆನ್ ಡ್ರೈವ್ ಕಳಿಸುತ್ತಿದ್ದೇನೆ. ಫೋನಿಗೇ ಸಿಕ್ಕಿಸಬಹುದು. ಮಗುವಿನ ಫೋಟೊ ಎಂದು ಮುತ್ತ ತಿಳಿದಿದ್ದಾನೆ. ಒಬ್ಬರೇ ಇರುವಾಗ ಕೇಳಿ. ಇನ್ನೊಂದು ನಕಲು ನಾನು ಮಾಡಿಕೊಂಡಿಲ್ಲ. ಈಗ ಇರುವುದು ಇದೊಂದೇ. ನೀವು ಕೇಳಿದ್ದು ಮೊದಲು ನಿಮಗೆ ಮುಟ್ಟಲಿ.

ಮಳೆಯಲ್ಲಿ ಜಾಗ್ರತೆ. ಆನೆಗಳು ಕ್ಯಾಂಪಿನ ಹತ್ತಿರವೇ ಇವೆ ಎಂದಿದ್ದಿರಿ. ರಜೆ ಸಿಕ್ಕಾಗ ಬನ್ನಿ. ಸಿಗದಿದ್ದರೂ ಕೇಳಿ ಬನ್ನಿ.

ನಿಮ್ಮ
ಮೋನಿಷಾ

ಮತ್ತೆ: ಕಾಗದ ಮಡಿಸಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಹೊಳೆಯ ಆಚೆ ಇರಲಿ ಎಂದುಕೊಂಡೆ, ಪಾಠ ನೆನಪಾಗಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಹಾಗಲ್ಲ. ಅದು ಭಾನುವಾರ ನಿಮ್ಮ ಫೋನ್ ಬಂದ ಮೇಲೆ ನಾನು ಕಟ್ಟಿಕೊಂಡ ಕಥೆ. ಗುರುವಾರ ನನಗೆ ಎಲ್ಲ ನೆನಪಿತ್ತು. ಅಳಿಸಿದ ಮೇಲೆ ಕುರ್ಚಿಯಿಂದ ಏಳಲಿಲ್ಲ. ಸುಡುತ್ತಿರುವ ಅವಳನ್ನು ತಬ್ಬಿಕೊಂಡು, ಗೋಡೆಯ ಗಡಿಯಾರ ನೋಡುತ್ತಾ ಪೂರ್ತಿ ಕಾಲು ಗಂಟೆ ಕೂತೆ, ಅಲ್ಲಿಂದಲೂ ಹೋಗಲಿ ಎಂದು. ಹೋಯಿತು ಎಂದುಕೊಂಡು ಎದ್ದಾಗ ನನಗೆ ಸಮಾಧಾನವಾಗಿತ್ತು. ಅವನು ಉಳಿದದ್ದು ಮರ ಬಿದ್ದದ್ದರಿಂದ, ನನ್ನಿಂದ ಅಲ್ಲ. ಅಶ್ವಿಗೆ ಮತ್ತೆ ಜ್ವರ ಬರುತ್ತದೆ, ಮಕ್ಕಳಿಗೆ ಬರುತ್ತದೆ. ಆಗ ನಾನು ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ. ನಕಲು ಮಾಡಿಕೊಳ್ಳದಿರುವುದು ಅದಕ್ಕೇ. ಕೇಳಿದ ಮೇಲೆ ಅದನ್ನು ನಿಮಗೆ ಸರಿ ಕಂಡಲ್ಲಿ ಇಡಿ. ಎಲ್ಲಿ ಇಟ್ಟಿದ್ದೀರಿ ಎಂದು ನನಗೆ ಹೇಳಬೇಡಿ. ನಾನು ಅತ್ತು ಕೇಳಿದರೂ ಹೇಳಬೇಡಿ.